ಬೋರ್ಡಿನ ಅಕ್ಷರ ಎದ್ದು ಕಾಣೋದು ಹೆಂಗ? ಅಂಗಡಿಕಾರರು, ಡಿಟಿಪಿ ಹುಡುಗರು ತಿಳ್ಕೋಬೇಕಾದ ತ್ರೀಡಿ ಲೆಕ್ಕ

ಚಿಕ್ಕೋಡಿ: ಅಂಗಡಿಗೆ ಹೊಸ ಬೋರ್ಡ್ ಮಾಡಿಸೋರು ಡಿಟಿಪಿ ಸೆಂಟರ್‌ಗೆ ಹೋಗಿ ಮೊದಲು ಹೇಳೋ ಮಾತು ಒಂದೇ. ತ್ರೀಡಿ ಮಾಡ್ರಿ, ಅಕ್ಷರ ಎದ್ದು ಬರಬೇಕು. ಕಂಪ್ಯೂಟರ್ ಮುಂದೆ ಕೂತ ಹುಡುಗ ಕೋರಲ್‌ಡ್ರಾದಲ್ಲಿ ಹೆಸರು ಟೈಪ್ ಮಾಡಿ, ಎಕ್ಸ್‌ಟ್ರೂಡ್ ಟೂಲ್ ಹಿಡಿದು ಒಮ್ಮೆ ಎಳೆದರೆ ಸಾಕು, ಎರಡು ನಿಮಿಷದಲ್ಲಿ ಅಕ್ಷರಕ್ಕೆ ದಪ್ಪ ಬಂದಿರುತ್ತದೆ. ಸ್ಕ್ರೀನ್ ಮೇಲೆ ಭಾರಿ ಕಾಣುತ್ತದೆ. ಅದೇ ಬೋರ್ಡ್ ಮೇಲೇರಿದ ಮೇಲೆ ರಸ್ತೆಯ ಆಚೆ ಬದಿಗೆ ನಿಂತು ನೋಡಿದರೆ ಹೆಸರೇ ಓದೋಕೆ ಬರಲ್ಲ. ದಪ್ಪ ಕಾಣುತ್ತದೆ, ಅಕ್ಷರ ಕಾಣಲ್ಲ.

ಒಮ್ಮೆ ಹಾಕಿಸಿದ ಬೋರ್ಡನ್ನು ಯಾರೂ ವರ್ಷಕ್ಕೊಮ್ಮೆ ಬದಲಿಸೋದಿಲ್ಲ. ತಪ್ಪಾದರೆ ನಾಲ್ಕೈದು ವರ್ಷ ಅದನ್ನೇ ನೋಡ್ತಾ ಕೂರಬೇಕು. ಅದಕ್ಕೇ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಬೋರ್ಡ್, ಬಾಕ್ಸ್, ಲೇಬಲ್ ಮಾಡಿಸೋರು ಮತ್ತು ಮಾಡಿಕೊಡೋರು ಇಬ್ಬರೂ ಈ ತ್ರೀಡಿ ಅನ್ನೋದು ಏನು, ಅದು ಎಲ್ಲಿ ಕೆಡುತ್ತದೆ ಅಂತ ತಿಳ್ಕೊಂಡಿದ್ದರೆ ರೊಕ್ಕ ಉಳಿಯುತ್ತದೆ.

ಕಣ್ಣು ನೋಡೋದು ಬೆಳಕನ್ನ

ಹಾಳೆ ಸಪಾಟು, ಫ್ಲೆಕ್ಸೂ ಸಪಾಟು. ಅದರ ಮೇಲೆ ಉಬ್ಬು ಕಾಣೋದು ಕಣ್ಣಿಗೆ ಆಗೋ ಮೋಸ. ಸೂರ್ಯ ಮೇಲಿದ್ದಾನೆ ಅನ್ನೋದು ನಮ್ಮ ಮೆದುಳಿಗೆ ರೂಢಿ ಆಗಿಬಿಟ್ಟಿದೆ. ಮೇಲಿನ ಅಂಚು ಬೆಳ್ಳಗೆ, ಕೆಳಗಿನ ಅಂಚು ಕಪ್ಪಗೆ ಇದ್ದರೆ ಅದು ಉಬ್ಬು ಅಂತ ಮೆದುಳು ತೀರ್ಮಾನ ಮಾಡುತ್ತದೆ. ಉಲ್ಟಾ ಇದ್ದರೆ ತಗ್ಗು. ಚಂದ್ರನ ಮೇಲಿನ ಕುಳಿಗಳ ಫೋಟೋ ಮೊಬೈಲ್‌ನಲ್ಲಿ ತೆಗೆದು ತಲೆಕೆಳಗು ಮಾಡಿ ನೋಡ್ರಿ, ಕುಳಿಗಳೆಲ್ಲ ಗುಡ್ಡ ಆದಂಗೆ ಕಾಣುತ್ತವೆ. ಫೋಟೋ ಅದೇ, ಬೆಳಕು ಬರೋ ದಿಕ್ಕು ಮಾತ್ರ ಬೇರೆ.

ಹಿಂದೆ ಬ್ರಷ್ ಹಿಡಿದು ಅಂಗಡಿ ಶಟರ್, ಲಾರಿ ಬಾಡಿ ಬರೀತಿದ್ದ ಪೇಂಟರ್‌ಗಳಿಗೆ ಇದು ಕೈಗೆ ಗೊತ್ತಿತ್ತು. ಅಕ್ಷರ ಬರೆದ ಮೇಲೆ ಒಂದೇ ಕಡೆಗೆ ಶೇಡ್ ಕೊಡ್ತಿದ್ದರು. ಬೋರ್ಡಿನ ಮೊದಲ ಅಕ್ಷರಕ್ಕೆ ಶೇಡ್ ಬಲಕ್ಕಿದ್ದರೆ ಕೊನೇ ಅಕ್ಷರಕ್ಕೂ ಬಲಕ್ಕೇ. ಈಗಿನ ಹುಟ್ಟುಹಬ್ಬದ ಬ್ಯಾನರ್‌ಗಳನ್ನು ನೋಡಿದರೆ ನಾಯಕರ ಮುಖದ ಮೇಲೆ ಬೆಳಕು ಬಲಗಡೆಯಿಂದ, ಹೆಸರಿನ ಮೇಲೆ ಎಡಗಡೆಯಿಂದ, ಹಿಂದಿರೋ ಸೂರ್ಯ ನಡುವೆ. ಒಂದೇ ಬ್ಯಾನರ್‌ಗೆ ಮೂರು ಸೂರ್ಯ! ಎಷ್ಟು ಎಫೆಕ್ಟ್ ಹಾಕಿದರೂ ಅದು ಅಂಟಿಸಿದಂಗೆ ಕಾಣೋದಕ್ಕೆ ಕಾರಣ ಇದು.

ಹಂಗಾಗಿ ಕೆಲಸ ಶುರು ಮಾಡೋ ಮೊದಲು ಪೇಜಿನ ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತು ಹಾಕಿಕೊಳ್ಳೋದು ಒಳ್ಳೇದು, ಬೆಳಕು ಇಲ್ಲಿಂದ ಬರ್ತದೆ ಅಂತ. ಕೆಲಸ ಮುಗಿದ ಮೇಲೆ ಅಳಿಸಬಹುದು. ಆಮೇಲೆ ಯಾವ ವಸ್ತುವಿಗೇ ಆಗಲಿ ಬೇಕಾಗೋದು ಮೂರು ಬಣ್ಣ. ಬೆಳಕಿಗೆ ಎದುರಾದ ಮೈಗೆ ತಿಳಿ, ಪಕ್ಕದ ಮೈಗೆ ನಡುವಿನದು, ಬೆಳಕಿಗೆ ಬೆನ್ನು ಮಾಡಿದ ಮೈಗೆ ಗಾಢ. ಇದಿಷ್ಟು ಸರಿ ಇದ್ದರೆ ಗ್ರೇಡಿಯಂಟ್ ಇಲ್ಲದೇನೂ ತ್ರೀಡಿ ಬರುತ್ತದೆ. ಇದು ತಪ್ಪಿದರೆ ನೂರು ಗ್ರೇಡಿಯಂಟ್ ಹಾಕಿದರೂ ಬರೋದಿಲ್ಲ.

ವೆಕ್ಟರ್ ಅಂದ್ರೆ ಏನು, ವಾಟ್ಸಾಪ್ ಲೋಗೋ ಯಾಕೆ ನಡೆಯಲ್ಲ

ಫೋಟೋ ಅಂದ್ರೆ ಚುಕ್ಕಿಗಳ ರಾಶಿ. ಎಳೆದು ದೊಡ್ಡದು ಮಾಡಿದರೆ ಚುಕ್ಕಿ ದೊಡ್ಡದಾಗುತ್ತದೆ, ಅಷ್ಟೇ. ವೆಕ್ಟರ್ ಚಿತ್ರದಲ್ಲಿ ಚುಕ್ಕಿ ಇರೋದಿಲ್ಲ. ಈ ಬಿಂದುವಿನಿಂದ ಆ ಬಿಂದುವಿಗೆ ಇಷ್ಟು ಬಾಗಿದ ಗೆರೆ ಅಂತ ಲೆಕ್ಕ ಮಾತ್ರ ಇರುತ್ತದೆ. ವಿಸಿಟಿಂಗ್ ಕಾರ್ಡಿಗೆ ಮಾಡಿದ್ದನ್ನೇ ಇಪ್ಪತ್ತು ಅಡಿ ಬೋರ್ಡಿಗೆ ಎಳೆದರೂ ಅಂಚು ಹರಿಯೋದಿಲ್ಲ. ಈ ಬಾಗಿದ ಗೆರೆಯ ಲೆಕ್ಕ ಹುಟ್ಟಿದ್ದು ಫ್ರಾನ್ಸಿನ ಕಾರು ಕಂಪನಿಗಳಲ್ಲಿ. ಸಿಟ್ರೋಯೆನ್‌ನಲ್ಲಿದ್ದ ಪಾಲ್ ದ ಕಾಸ್ಟೆಲ್ಜೋ ಮತ್ತು ರೆನೋದಲ್ಲಿದ್ದ ಪಿಯೆರ್ ಬೆಜಿಯೆ ಕಾರಿನ ಬಾಡಿ ಬಾಗಿಸೋದಕ್ಕೆ ಅಂತ ಮಾಡಿಕೊಂಡ ಲೆಕ್ಕ ಅದು. ಕೋರಲ್‌ಡ್ರಾದಲ್ಲಿ ಬೆಜಿಯರ್ ಟೂಲ್ ಅಂತ ಇರೋದು ಅದೇ ಬೆಜಿಯೆ ಹೆಸರು. ಅಡೋಬಿ ಇಲಸ್ಟ್ರೇಟರ್ ಬಂದಿದ್ದು 1987ರಲ್ಲಿ, ಕೆನಡಾದ ಕೋರಲ್‌ಡ್ರಾ 1989ರಲ್ಲಿ.

ಈಗ ಅಂಗಡಿಕಾರರ ಲೆಕ್ಕಕ್ಕೆ ಬರೋಣ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿ ಉದ್ದಕ್ಕೆ 1600 ಪಿಕ್ಸೆಲ್ ಆಸುಪಾಸು ಉಳಿಯುತ್ತದೆ. ಬೋರ್ಡ್ 10 ಅಡಿ ಅಂದ್ರೆ 120 ಇಂಚು. 1600ನ್ನು 120ಕ್ಕೆ ಹಂಚಿದರೆ ಇಂಚಿಗೆ 13 ಚುಕ್ಕಿ. ಅಂದ್ರೆ ಒಂದೊಂದು ಚುಕ್ಕಿ ಸುಮಾರು 2 ಮಿಲಿಮೀಟರ್, ಜೋಳದ ಕಾಳಿಗಿಂತ ಸ್ವಲ್ಪ ಸಣ್ಣದು. ಇಂಚಿಗೆ 72 ಚುಕ್ಕಿ ಬೇಕು ಅಂದ್ರೆ ಉದ್ದಕ್ಕೆ 8640 ಪಿಕ್ಸೆಲ್ ಬೇಕು. ವಾಟ್ಸಾಪ್ ಲೋಗೋದಲ್ಲಿ ಅಷ್ಟು ಎಲ್ಲಿಂದ ಬರಬೇಕು? ಅದನ್ನು ಕೆಳಗಿಟ್ಟು ಮೇಲೆ ಹೊಸದಾಗಿ ಗೆರೆ ಎಳೆದು ವೆಕ್ಟರ್ ಮಾಡಿಕೊಳ್ಳಬೇಕು. ಡಿಸೈನರ್ ಅದಕ್ಕೆ ಬೇರೆ ಚಾರ್ಜ್ ಕೇಳಿದರೆ ಅದು ನ್ಯಾಯವಾದದ್ದೇ.

ಕನ್ನಡ ಅಕ್ಷರಕ್ಕೆ ದಪ್ಪ ಕೊಡುವಾಗ

ಯೂಟ್ಯೂಬ್‌ನಲ್ಲಿ ಸಿಗೋ ತ್ರೀಡಿ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಕ್ಕೆ ಮಾಡಿದವು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಗೆರೆ ಮೇಲೆ ಕೂರುತ್ತವೆ, ಕೆಳಗೆ ಜಾಗ ಖಾಲಿ ಇರುತ್ತದೆ. ದಪ್ಪವನ್ನು ಕೆಳಕ್ಕೆ ಎಷ್ಟು ಎಳೆದರೂ ಅಡ್ಡ ಬರೋದು ಏನೂ ಇಲ್ಲ. ಕನ್ನಡದಲ್ಲಿ ಕೆಳಗೆ ಒತ್ತಕ್ಷರ ಇದೆ. 'ಚಿಕ್ಕೋಡಿ' ಅಂತ ಬರೆದು ದಪ್ಪವನ್ನು ನೇರ ಕೆಳಕ್ಕೆ ಎಳೆದು ನೋಡ್ರಿ. ಮೇಲಿನ ಅಕ್ಷರದ ದಪ್ಪ ಇಳಿದು ಕೆಳಗಿನ ಒತ್ತಿಗೆ ತಾಗುತ್ತದೆ, ಯಾವುದು ಒತ್ತು, ಯಾವುದು ನೆರಳು ಅಂತ ದೂರದಿಂದ ತಿಳಿಯೋದಿಲ್ಲ. 'ಟ್ರೇಡರ್ಸ್', 'ಜ್ಯುವೆಲ್ಲರ್ಸ್', 'ಎಲೆಕ್ಟ್ರಿಕಲ್ಸ್' ಇವೆಲ್ಲ ಒತ್ತು, ಅರ್ಕಾವತ್ತು ತುಂಬಿದ ಹೆಸರುಗಳು. ಅಂಗಡಿ ಬೋರ್ಡುಗಳಲ್ಲಿ ಹೆಚ್ಚಾಗಿ ಬರೋದೂ ಇವೇ.

ಇದಕ್ಕೆ ಪರಿಹಾರ ಸರಳ. ದಪ್ಪವನ್ನು ಕೆಳಕ್ಕೆ ಕಡಿಮೆ ಎಳೆದು ಬಲಕ್ಕೆ ಹೆಚ್ಚು ಎಳೀಬೇಕು. ಅಕ್ಷರದ ಎತ್ತರ ಒಂದು ಅಡಿ ಇದ್ದರೆ ದಪ್ಪ ಒಂದರಿಂದ ಒಂದೂವರೆ ಇಂಚಿಗೆ ಸಾಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಅನುಸ್ವಾರದ ಸೊನ್ನೆಯೊಳಗಿನ ತೂತು ಮುಚ್ಚಿ ಕರಿ ಚುಕ್ಕಿ ಆಗುತ್ತದೆ. 'ಡ', 'ಢ' ನಡುವಿನ ಸಣ್ಣ ಸೀಳಿಗೂ ಅದೇ ಗತಿ. ಅಕ್ಷರಗಳ ನಡುವಿನ ಅಂತರವನ್ನೂ ದಪ್ಪದಷ್ಟು ಹೆಚ್ಚಿಸಬೇಕು. ಇಲ್ಲಾಂದ್ರೆ ಒಂದರ ದಪ್ಪ ಇನ್ನೊಂದರ ಮೈ ಮೇಲೆ ಬೀಳುತ್ತದೆ.

ಗಡಿ ಭಾಗದ ಬೋರ್ಡುಗಳಲ್ಲಿ ಕನ್ನಡದ ಜೊತೆ ಮರಾಠಿ, ಇಂಗ್ಲಿಷ್ ಮೂರೂ ಇರೋದು ಮಾಮೂಲು. ಇಲ್ಲಿ ಇನ್ನೊಂದು ತಪ್ಪಾಗುತ್ತದೆ. ಮೂರು ಸಾಲಿಗೂ ಬೇರೆ ಬೇರೆಯಾಗಿ ಎಕ್ಸ್‌ಟ್ರೂಡ್ ಹಾಕಿದರೆ ಮೂರರ ದಪ್ಪವೂ ಮೂರು ಕಡೆ ಓಡುತ್ತದೆ. ದೂರ ಹೋದಂಗೆ ಗೆರೆಗಳೆಲ್ಲ ಹೋಗಿ ಸೇರೋ ಒಂದು ಬಿಂದು ಇರುತ್ತದೆ, ರೈಲು ಹಳಿ ದೂರದಲ್ಲಿ ಕೂಡಿದಂಗೆ ಕಾಣುತ್ತದಲ್ಲ, ಹಂಗೆ. ಕೋರಲ್‌ಡ್ರಾದಲ್ಲಿ ಇದಕ್ಕೆ ವ್ಯಾನಿಶಿಂಗ್ ಪಾಯಿಂಟ್ ಅಂತಾರೆ. ಮೂರೂ ಸಾಲಿಗೆ ಶೇರ್ಡ್ ವ್ಯಾನಿಶಿಂಗ್ ಪಾಯಿಂಟ್ ಆಯ್ಕೆ ಮಾಡಬೇಕು. ಇದೆಲ್ಲ ತಲೆನೋವು ಅನ್ನಿಸಿದರೆ ಬ್ಯಾಕ್ ಪ್ಯಾರಲಲ್ ಆಯ್ಕೆ ಇದೆ, ಗೆರೆಗಳು ಎಲ್ಲೂ ಕೂಡದೆ ಸಮಾನಾಂತರ ಹೋಗುತ್ತವೆ. ಬೋರ್ಡಿಗೆ ಇದೇ ಹೆಚ್ಚು ಚಂದ.

ಇದರ ಜೊತೆ ಕಾನೂನಿನ ಮಾತೂ ಇದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಸಣ್ಣ ಇಂಗ್ಲಿಷ್ ಸಾಲಿಗೆ ಬಂಗಾರದ ತ್ರೀಡಿ, ದೊಡ್ಡ ಕನ್ನಡ ಸಾಲಿಗೆ ಸಪಾಟು ಬಿಳಿ ಬಣ್ಣ ಕೊಟ್ಟರೆ ಅಳತೆಯಲ್ಲಿ ಕನ್ನಡ ದೊಡ್ಡದಿದ್ದರೂ ಕಣ್ಣಿಗೆ ಬೀಳೋದು ಇಂಗ್ಲಿಷೇ. ಕನ್ನಡ ಸಾಲಿಗೆ ಮಾತ್ರ ದಪ್ಪ ಕೊಟ್ಟು ಉಳಿದ ಸಾಲು ಸಪಾಟು ಬಿಟ್ಟರೆ ಬೋರ್ಡೂ ಸ್ವಚ್ಛ ಕಾಣುತ್ತದೆ. ಎಲ್ಲವೂ ಎದ್ದು ನಿಂತರೆ ಯಾವುದೂ ಎದ್ದು ಕಾಣಲ್ಲ.

ಇನ್ನು ನುಡಿ ಫಾಂಟ್ ಬಗ್ಗೆ. ಡಿಟಿಪಿ ಸೆಂಟರ್‌ಗಳಲ್ಲಿ ಈಗಲೂ ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟ್‌ಗಳೇ ಹೆಚ್ಚು ಓಡೋದು. ಈ ಫಾಂಟ್‌ಗಳಲ್ಲಿ ಒಂದು ಅಕ್ಷರ ಅಂದ್ರೆ ಎರಡು ಮೂರು ತುಂಡು ಜೋಡಿಸಿದ್ದು. ಮೂಲ ಅಕ್ಷರ ಒಂದು ತುಂಡು, ಕೊಂಬು ಇನ್ನೊಂದು, ಒತ್ತು ಮತ್ತೊಂದು. ತುಂಡುಗಳು ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ಸಪಾಟು ಬಣ್ಣದಲ್ಲಿ ಇದು ಕಾಣೋದಿಲ್ಲ. ಕರ್ವ್ ಮಾಡಿ ಔಟ್‌ಲೈನ್ ಅಥವಾ ದಪ್ಪ ಕೊಟ್ಟ ಕೂಡಲೇ ಹತ್ತಿಕೊಂಡ ಜಾಗದಲ್ಲಿ ಗೆರೆ ಹಾಯುತ್ತದೆ, ಇಲ್ಲಾ ಬಿಳಿ ತೂತು ಬೀಳುತ್ತದೆ. ಅದಕ್ಕೆ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿದ ಮೇಲೆ ತುಂಡುಗಳನ್ನು ವೆಲ್ಡ್ ಮಾಡಿ ಒಂದೇ ಮೈ ಮಾಡಬೇಕು, ಆಮೇಲೆ ದಪ್ಪ. ಬೋರ್ಡಿನ ಅಕ್ಷರಗಳ ನಡುವೆ ಸಣ್ಣ ಬಿಳಿ ಕಿಂಡಿ ಕಂಡರೆ ಈ ಹಂತ ಬಿಟ್ಟಿದ್ದಾರೆ ಅಂತಲೇ ಅರ್ಥ.

ಬಂಗಾರದ ಅಕ್ಷರ

ಸರಾಫ ಅಂಗಡಿ, ಬಟ್ಟೆ ಅಂಗಡಿಯವರು ಕೇಳೋದು ಇದನ್ನೇ. ಹಳದಿಯಿಂದ ಕಂದು ಬಣ್ಣಕ್ಕೆ ನಿಧಾನ ಇಳಿಯೋ ಗ್ರೇಡಿಯಂಟ್ ಹಾಕಿದರೆ ಅದು ಬಂಗಾರ ಆಗಲ್ಲ, ಪ್ಲಾಸ್ಟಿಕ್ ಆಗುತ್ತದೆ. ಲೋಹಕ್ಕೆ ತನ್ನದೇ ಬಣ್ಣಕ್ಕಿಂತ ಸುತ್ತಲಿನದರ ಪ್ರತಿಬಿಂಬವೇ ಹೆಚ್ಚು. ಆಕಾಶದ ಬಿಳುಪು, ನೆಲದ ಕಪ್ಪು ಎರಡೂ ಅದರ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳುತ್ತವೆ. ಅದಕ್ಕೆ ಗ್ರೇಡಿಯಂಟ್‌ನಲ್ಲಿ ತಿಳಿ ಹಳದಿ, ಗಾಢ ಹಳದಿ, ಒಮ್ಮೆಲೇ ಕಂದು, ಮತ್ತೆ ತಿಳಿ ಹಳದಿ ಹೀಗೆ ಜಿಗಿಯಬೇಕು. ಕಂದಿನಿಂದ ತಿಳಿ ಹಳದಿಗೆ ಬರೋ ಜಾಗದಲ್ಲಿ ಎರಡು ಬಣ್ಣದ ಗುರುತುಗಳನ್ನು ಹತ್ತಿರ ಹತ್ತಿರ ಇಟ್ಟರೆ ಹೊಳಪು ಬರುತ್ತದೆ. ಮೇಲೆ ಅಂಚಿಗೆ ಒಂದು ಸಣ್ಣ ಬಿಳಿ ಗೆರೆ, ಅದೂ ಬೆಳಕು ಬರೋ ಕಡೆ ಮಾತ್ರ.

ಅಥಣಿ ಚಪ್ಪಲಿಯನ್ನೇ ಬರೆದು ನೋಡಿದರೆ

ಅಕ್ಷರ ಬಿಟ್ಟು ವಸ್ತು ಬರೆಯೋದು ಕಲಿಯಬೇಕು ಅನ್ನೋರಿಗೆ ಅಥಣಿ, ನಿಪ್ಪಾಣಿ ಕಡೆ ಮಾಡೋ ಚಪ್ಪಲಿಗಿಂತ ಒಳ್ಳೆ ಪಾಠ ಸಿಗಲಿಕ್ಕಿಲ್ಲ. ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕಿರೋ ಜಿಐ ಮಾನ್ಯತೆ ಮಹಾರಾಷ್ಟ್ರಕ್ಕಷ್ಟೇ ಅಲ್ಲ. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರದ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಶೋದಲ್ಲಿ ಇದೇ ನಮೂನಿ ಚಪ್ಪಲಿ ತೋರಿಸಿ, ಮೂಲದ ಹೆಸರು ಹೇಳಲಿಲ್ಲ ಅಂತ ದೊಡ್ಡ ಗದ್ದಲ ಆಯ್ತು. ಆಮೇಲೆ ಭಾರತದ ಕರಕುಶಲತೆಯಿಂದ ಪ್ರೇರಣೆ ಪಡೆದದ್ದು ಅಂತ ಕಂಪನಿ ಒಪ್ಪಿಕೊಂಡಿತು. ಇಲ್ಲಿ ಕೈಯಾರೆ ಮಾಡಿದ ಚಪ್ಪಲಿ ಹೆಸರಿಲ್ಲದ ಬಿಳಿ ಡಬ್ಬಿಯಲ್ಲಿ ಹೋದರೆ ಅದು ಯಾರದು ಅಂತ ಕೊಳ್ಳೋನಿಗೆ ಗೊತ್ತಾಗೋದು ಹೇಗೆ? ನೆಟ್‌ನಿಂದ ತೆಗೆದ ಯಾರದೋ ಫೋಟೋ ಹಾಕೋದಕ್ಕಿಂತ ತಮ್ಮದೇ ಚಪ್ಪಲಿಯ ವೆಕ್ಟರ್ ಚಿತ್ರ ಒಂದಿದ್ದರೆ ಡಬ್ಬಿ, ಬಿಲ್, ಬೋರ್ಡ್, ಮೊಬೈಲ್ ಎಲ್ಲಕ್ಕೂ ಅದೇ ನಡೆಯುತ್ತದೆ.

ಇಂಕ್‌ಸ್ಕೇಪ್‌ನಲ್ಲಿ ಹೀಗೆ ಮಾಡಬಹುದು. ಚಪ್ಪಲಿಯನ್ನು ಓರೆಯಾಗಿ ಇಟ್ಟು, ಕಿಟಕಿ ಬೆಳಕಲ್ಲಿ ಒಂದು ಫೋಟೋ ತೆಗೆದು ಕೆಳಗಿನ ಲೇಯರ್‌ನಲ್ಲಿ ಹಾಕಿ ಲಾಕ್ ಮಾಡ್ರಿ. ಮೇಲಿನ ಲೇಯರ್‌ನಲ್ಲಿ ಪೆನ್ ಟೂಲ್‌ನಿಂದ ಅಟ್ಟೆಯ ಆಕಾರ ಎಳೀರಿ. ಬಿಂದುಗಳು ಎಂಟು ಹತ್ತಕ್ಕಿಂತ ಹೆಚ್ಚು ಬೇಡ. ಹೆಚ್ಚಾದಷ್ಟೂ ಗೆರೆ ನಡುಗುತ್ತದೆ. ಇದರದ್ದೇ ಒಂದು ನಕಲು ಮಾಡಿ ಸ್ವಲ್ಪ ಕೆಳಕ್ಕೆ ಸರಿಸಿ ಗಾಢ ಕಂದು ಬಣ್ಣ ಹಾಕಿದರೆ ಅಟ್ಟೆಗೆ ದಪ್ಪ ಬಂದಂಗಾಯ್ತು. ಎರಡರ ನಡುವೆ ಬದಿಯಲ್ಲಿ ಸಂದು ಉಳಿದರೆ ಎಕ್ಸ್‌ಟೆನ್ಶನ್ ಮೆನುವಿನ ಮೋಷನ್ ಅನ್ನೋದು ಅದನ್ನು ತುಂಬಿಕೊಡುತ್ತದೆ. ಕೋರಲ್‌ಡ್ರಾದಲ್ಲಾದರೆ ಬ್ಲೆಂಡ್. ಈ ಚಪ್ಪಲಿಯ ಅಟ್ಟೆ ಒಂದೇ ಪದರ ಅಲ್ಲ, ಚರ್ಮದ ಮೇಲೆ ಚರ್ಮ ಕೂಡಿಸಿ ಹೊಲಿದದ್ದು. ಆ ದಪ್ಪದ ಮೇಲೆ ಎರಡು ಸಣ್ಣ ಗೆರೆ ಎಳೆದು ಪದರ ತೋರಿಸಲೇಬೇಕು. ಅದು ಬಿಟ್ಟರೆ ರಬ್ಬರ್ ಚಪ್ಪಲಿ ಆಗಿಬಿಡುತ್ತದೆ.

ಮೇಲಿನ ಮೈಗೆ ಬೆರಳಿನ ಕಡೆಯಿಂದ ಹಿಮ್ಮಡಿ ಕಡೆಗೆ ತಿಳಿಯಿಂದ ಗಾಢಕ್ಕೆ ಹೋಗೋ ಒಂದು ಗ್ರೇಡಿಯಂಟ್. ಅಂಚಿನ ಒಳಗೆ ತುಂಡು ತುಂಡು ಗೆರೆ ಹಾಕಿದರೆ ಹೊಲಿಗೆ. ಹೊಲಿಗೆಯ ಬಿಳಿ ಗೆರೆ ಕೆಳಗೆ ಕೂದಲೆಳೆಯಷ್ಟು ಸರಿಸಿ ಅದರದ್ದೇ ಕಂದು ನಕಲು ಇಟ್ಟರೆ ದಾರ ಚರ್ಮದೊಳಗೆ ಕೂತಂಗೆ ಕಾಣುತ್ತದೆ.

ಕಷ್ಟ ಇರೋದು ಪಟ್ಟಿಯಲ್ಲಿ. ಪಟ್ಟಿ ಅಂದ್ರೆ ಪಾದದ ಮೇಲೆ ಕಮಾನಿನಂಗೆ ಬಾಗಿದ್ದು. ಬಾಗಿದ ಮೈಗೆ ಬೆಳಕು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಕಡಿಮೆ ಆಗೋದಿಲ್ಲ. ನಡು ಬಣ್ಣದಿಂದ ಶುರುವಾಗಿ, ಮೂರನೇ ಒಂದು ಭಾಗದ ಹತ್ತಿರ ಅತಿ ತಿಳಿ, ಆಮೇಲೆ ಇಳೀತಾ ಇಳೀತಾ ಅತಿ ಗಾಢ. ಗಾಢ ಬಣ್ಣ ಅಂಚಿನಲ್ಲಿ ಮುಗಿಯಬಾರದು. ಅಂಚಿಗಿಂತ ಸ್ವಲ್ಪ ಮೊದಲೇ ಮುಗಿದು, ಕೊನೇ ಅಂಚಿನಲ್ಲಿ ಮತ್ತೆ ಒಂಚೂರು ತಿಳಿ ಆಗಬೇಕು. ಅಟ್ಟೆ ಮೇಲೆ ಬಿದ್ದ ಬೆಳಕು ಪುಟಿದು ಪಟ್ಟಿಯ ಕೆಳ ಅಂಚಿಗೆ ತಾಗುತ್ತದಲ್ಲ, ಅದು ಆ ತಿಳಿ. ಈ ಒಂದು ಪುಟಿದ ಬೆಳಕು ಹಾಕಿದ ಚಿತ್ರ, ಹಾಕದ ಚಿತ್ರ ಪಕ್ಕ ಪಕ್ಕ ಇಟ್ಟರೆ ಹೇಳಿಕೊಡೋ ಅಗತ್ಯವೇ ಇಲ್ಲ.

ಜಡೆ ಹೆಣಿಗೆಗೆ ಹೆದರಬೇಕಾಗಿಲ್ಲ. ಒಂದೇ ಒಂದು ಬಾಗಿದ ಎಳೆ ಬರೆದು, ಅದಕ್ಕೆ ಬೆಳಕು ನೆರಳು ಕೊಟ್ಟು, ಪ್ಯಾಟರ್ನ್ ಅಲಾಂಗ್ ಪಾತ್ ಬಳಸಿ ಪಟ್ಟಿಯ ಉದ್ದಕ್ಕೂ ಹರಡಬಹುದು. ಬೆಳಕಿನ ಭಾಗವನ್ನು ಬೇರೆ ಆಕಾರವಾಗಿ, ಬೇರೆ ಸಾಲಾಗಿ ಹರಡಿದರೆ ಬಣ್ಣ ಬದಲಿಸೋದು ಸಲೀಸು. ಎಳೆಗಳು ಕೂಡೋ ಮೂಲೆಗೆ ಒಂದು ಸಣ್ಣ ಕಪ್ಪು ತ್ರಿಕೋನ ಇಟ್ಟರೆ ಹೆಣಿಗೆ ಒಳಗೆ ಹೋದಂಗೆ ಆಗುತ್ತದೆ.

ಕೊನೆಗೆ ನೆರಳು. ಒಂದಲ್ಲ, ಎರಡು ಬೇಕು. ಚಪ್ಪಲಿ ನೆಲಕ್ಕೆ ತಾಗೋ ಜಾಗದಲ್ಲಿ ಸಣ್ಣಗೆ, ಗಾಢವಾಗಿ ಒಂದು. ಅದರ ಹೊರಗೆ ಅಗಲವಾಗಿ, ಮಬ್ಬಾಗಿ ಇನ್ನೊಂದು. ಮೊದಲನೇದು ಇಲ್ಲದಿದ್ದರೆ ಚಪ್ಪಲಿ ಗಾಳಿಯಲ್ಲಿ ತೇಲುತ್ತದೆ. ನೆರಳಿಗೆ ಅಪ್ಪಟ ಕಪ್ಪು ಹಾಕಬಾರದು, ಕಂದು ಬೆರೆಸಿದ ಕಪ್ಪು ಹಾಕಬೇಕು.

ಬೆಲ್ಲದ ಪೆಂಟಿ ಬರೆಯೋದು ಇದಕ್ಕಿಂತ ಹಗುರ. ಮೇಲೊಂದು, ಕೆಳಗೊಂದು ಮೊಟ್ಟೆಯಾಕಾರ ಹಾಕಿ ಬದಿಗೆ ಗೆರೆ ಎಳೆದರೆ ಬಕೆಟ್ ಆಕಾರ ಬರುತ್ತದೆ. ಹೆಚ್ಚಿನವರು ಮಾಡೋ ತಪ್ಪು ಅಂದ್ರೆ ತಳವನ್ನು ಸಪಾಟು ಗೆರೆ ಮಾಡೋದು. ನಾವು ಮೇಲಿನಿಂದ ನೋಡ್ತಿರೋದರಿಂದ ತಳದ ಬಾಗು ಮೇಲಿನ ಬಾಗಿಗಿಂತ ಹೆಚ್ಚೇ ಇರಬೇಕು. ಡಬ್ಬಿ, ಕಾರ್ಟನ್ ಬರೆಯೋರಿಗೆ ಇಂಕ್‌ಸ್ಕೇಪ್‌ನಲ್ಲಿ ಆಕ್ಸನೋಮೆಟ್ರಿಕ್ ಗ್ರಿಡ್ ಇದೆ, 30 ಡಿಗ್ರಿ ಗೆರೆಗಳ ಮೇಲೆ ಎಳೀತಾ ಹೋದರೆ ಮುಗೀತು. ತಯಾರಿದ್ದ ಲೇಬಲ್ಲನ್ನು ಡಬ್ಬಿಯ ಮೈಗೆ ಕೂರಿಸಬೇಕಂದ್ರೆ ಎತ್ತರವನ್ನು ಶೇ 86.6ಕ್ಕೆ ಇಳಿಸಿ, 30 ಡಿಗ್ರಿ ಓರೆ ಮಾಡಿ, 30 ಡಿಗ್ರಿ ತಿರುಗಿಸಬೇಕು.

ಯಾವ ಸಾಫ್ಟ್‌ವೇರ್

ಕೆಲಸ ಕಲಿಯೋ ಹುಡುಗರು ಕದ್ದ ಕೋರಲ್‌ಡ್ರಾ ಹಾಕಿಕೊಂಡು ವೈರಸ್ ತಂದುಕೊಳ್ಳೋ ಬದಲು ಇಂಕ್‌ಸ್ಕೇಪ್‌ನಿಂದ ಶುರು ಮಾಡಬಹುದು. 2003ರಿಂದ ಇದೆ, ಪೂರ್ತಿ ಉಚಿತ, ಯೂನಿಕೋಡ್ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಬರುತ್ತದೆ. ಕೊರತೆ ಇರೋದು ಪ್ರಿಂಟಿಂಗ್ ಬಣ್ಣದಲ್ಲಿ. ಸ್ಕ್ರೀನ್ ಮೇಲಿನ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ ಬೇರೆ, ಪ್ರಿಂಟಿಂಗ್ ಮಷೀನಿನ ನಾಲ್ಕು ಶಾಯಿಯ ಲೆಕ್ಕ ಬೇರೆ. ಆ ನಾಲ್ಕು ಶಾಯಿಯ ಲೆಕ್ಕದಲ್ಲಿ ಇಂಕ್‌ಸ್ಕೇಪ್ ಹಿಂದೆ. ಸ್ಕ್ರೀನ್ ಮೇಲೆ ಉರೀತಿದ್ದ ಕಿತ್ತಳೆ, ಗಿಳಿ ಹಸಿರು ಪ್ರಿಂಟ್ ಆದ ಮೇಲೆ ಮಂಕಾಗುತ್ತವೆ. ಪಿಡಿಎಫ್ ಮಾಡಿ ಪ್ರೆಸ್‌ಗೆ ಒಯ್ದು, ಅಲ್ಲಿ ಬಣ್ಣ ಬದಲಿಸಿ ಒಂದು ತುಂಡು ಸ್ಯಾಂಪಲ್ ಹೊಡೆಸಿ ನೋಡೋದು ಉತ್ತಮ. ತ್ರೀಡಿಗೆ ಇದು ಮುಖ್ಯ. ತಿಳಿ, ನಡು, ಗಾಢ ಮೂರೂ ಮಂಕಾಗಿ ಒಂದೇ ಆದರೆ ಉಬ್ಬು ಹೋಯ್ತು.

ಫೈಲ್ ಕೈಗೆ ಬರಲಿ

ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲಗಳ ಜೊತೆ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳನ್ನೂ ನಿಷೇಧ ಮಾಡಿದೆ. ಜಾರಿ ಹೇಗಿದೆ ಅನ್ನೋದು ಬೀದಿಗೆ ಬಂದರೆ ಕಾಣುತ್ತದೆ. ಆದರೂ ಒಳ್ಳೆ ಅಂಗಡಿಗಳು ಈಗ ಎಸಿಪಿ ಶೀಟ್ ಮೇಲೆ ಅಕ್ರಿಲಿಕ್, ಸ್ಟೀಲ್ ಅಕ್ಷರ ಕೂರಿಸೋದಕ್ಕೆ ಹೊರಳಿವೆ. ಅಲ್ಲಿ ದಪ್ಪ ನಿಜವಾದದ್ದೇ, ನೆರಳನ್ನು ಸೂರ್ಯನೇ ಬಿಡ್ತಾನೆ. ಆ ಕಟಿಂಗ್ ಮಷೀನಿಗೆ ಬೇಕಾಗೋದು ಅಕ್ಷರದ ಹೊರಗೆರೆ ಮಾತ್ರ. ಕಂಪ್ಯೂಟರಿನಲ್ಲಿ ದಪ್ಪ ಕೊಟ್ಟ ಫೈಲ್ ಕಳಿಸಿದರೆ ಮಷೀನು ಬದಿಯ ಗೆರೆಗಳನ್ನೂ ಕೊಯ್ದು ಶೀಟ್ ಹಾಳು ಮಾಡುತ್ತದೆ.

ಹಂಗಾಗಿ ಬೋರ್ಡ್ ಮಾಡಿಸೋರು ದರ ಮಾತಾಡುವಾಗಲೇ ಫೈಲ್ ವಿಚಾರವನ್ನೂ ಮುಗಿಸಿಕೊಳ್ಳಬೇಕು. ದಪ್ಪ ಕೊಡದ, ಕರ್ವ್ ಮಾಡಿ ವೆಲ್ಡ್ ಮಾಡಿದ ಒಂದು ಪ್ರತಿ, ದಪ್ಪ ಕೊಟ್ಟ ಇನ್ನೊಂದು ಪ್ರತಿ, ಎರಡೂ ಪಿಡಿಎಫ್ ಮತ್ತು ಮೂಲ ಫೈಲ್ ರೂಪದಲ್ಲಿ. ಜೆಪಿಜಿ ಒಂದೇ ಇಸ್ಕೊಂಡು ಬಂದರೆ ಮುಂದಿನ ಸಲ ಮತ್ತೆ ಮೊದಲಿನಿಂದ. ಕರ್ವ್ ಮಾಡದ ನುಡಿ ಫಾಂಟಿನ ಫೈಲನ್ನು, ಆ ಫಾಂಟ್ ಇಲ್ಲದ ಬೇರೆ ಅಂಗಡಿಯಲ್ಲಿ ತೆರೆದರೆ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಿಚಡಿ ಬರುತ್ತದೆ ಅನ್ನೋದು ಗೊತ್ತಿರಲಿ. ಫೈಲ್‌ಗಳನ್ನು ತಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಬೇಕು, ಪೆನ್‌ಡ್ರೈವ್ ನಂಬಬಾರದು.

ಪ್ರಿಂಟಿಗೆ ಒಪ್ಪಿಗೆ ಕೊಡೋ ಮೊದಲು ಡಿಸೈನನ್ನು ಒಂದು ಎ4 ಹಾಳೆ ಮೇಲೆ ತೆಗೆಸಿಕೊಳ್ಳಿ. 10 ಅಡಿ ಬೋರ್ಡ್ ಆ ಹಾಳೆಯ ಉದ್ದಕ್ಕೆ ಬಂದಾಗ ಸುಮಾರು ಹತ್ತನೇ ಒಂದು ಭಾಗ ಆಗಿರುತ್ತದೆ. ಹಾಳೆಯನ್ನು ಗೋಡೆಗೆ ಅಂಟಿಸಿ 10 ಅಡಿ ದೂರದಿಂದ ನೋಡಿದರೆ ಬೋರ್ಡನ್ನು 100 ಅಡಿ ದೂರದಿಂದ ನೋಡಿದಂಗೆ. ಡಿಸೈನ್ ನೋಡಿರದ ಯಾರಾದರೂ ಅಲ್ಲಿ ನಿಂತು ಹೆಸರು ಓದಲಿ. ಒತ್ತಕ್ಷರದ ಹತ್ತಿರ ತಡವರಿಸಿದರೆ ದಪ್ಪ ಅರ್ಧಕ್ಕೆ ಇಳಿಸಿ ಇನ್ನೊಂದು ಹಾಳೆ ತೆಗೆಸಬೇಕು.